ಸೀಸದ ಇಡ್ಲಿ

ಮೊನ್ನೆ ನಮ್ಮ ಮನೆಗೆ ಬಂದಿದ್ದ ಗೆಳತಿ ಶೈಲಜಾ, ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ನಾನು ಒತ್ತಾಗಿಟ್ಟಿದ್ದ ಇಡ್ಲಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಲು ಹೋಗಿ "ಅಯ್ಯಮ್ಮಾ" ಎಂದು ಬೆರಳು ಹಿಡಿದುಕೊಂಡು ಕೂತುಬಿಟ್ಟರು. ತಪ್ಪು ಅವರದಲ್ಲ. ಅದು ಸೀಸದ ಇಡ್ಲಿ. ಸೀಸವನ್ನು ಹಾಗೇ ಬಿಡಬಾರದೆಂದು ಮೇಲೆ ಎರಡು ಕೈ ಬಿಳಿ ಪೇಂಟ್ ಬಳಿದಿದ್ದೇನೆ. ಹಾಗಾಗಿ ಆಗತಾನೇ ತಟ್ಟೆಯಿಂದ ಎಬ್ಬಿಸಿದ ಹಾಗೇ ಕಾಣುತ್ತದೆ. ತೂಕ ಮಾತ್ರ ಮುಕ್ಕಾಲು ಕಿಲೋ.

"ಯಾವ ಕಾಲದ್ದು ಸುಮಾ ಇದು?" ಎಂದರು ಶೈಲಜಾ, ಬೆರಳು ನೀವಿಕೊಳ್ಳುತ್ತಾ.

"ಹತ್ತು ಹನ್ನೆರಡು ವರ್ಷದ್ದು."

"ಉದ್ದು ಕಮ್ಮಿ ಹಾಕಿದ್ರೇನೋ."

ನಕ್ಕು ಕಾಫಿ ಕೊಟ್ಟು ಕಳಿಸಿದೆ. ಆದರೆ ಆ ಇಡ್ಲಿಯ ಕಥೆಯನ್ನು ಅವರಿಗೆ ಹೇಳಲಿಲ್ಲ. ಹೇಳಹೊರಟರೆ ಕಾಫಿ ಸಾಲುತ್ತಿರಲಿಲ್ಲ, ಊಟವೇ ಹಾಕಬೇಕಿತ್ತು. ನಿಮಗಾದರೆ ಊಟ ಹಾಕುವ ತಾಪತ್ರಯವಿಲ್ಲ, ಹೇಳುತ್ತೇನೆ.

ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಾವು ಮನೆ ಕೊಂಡ ಹೊಸದು. ಗಂಡ ದಿನೇಶ್‌ಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ, ಬೆಳಗ್ಗೆ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ನನಗೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವಾರಕ್ಕೆ ಮೂರು ದಿನ ಕೆಲಸ. ಮಗಳು ಅದಿತಿ ಇನ್ನೂ ಚೈಲ್ಡ್‌ಕೇರಿಗೆ ಹೋಗುತ್ತಿದ್ದಳು. ಪಕ್ಕದ ಮನೆಯಲ್ಲಿ ಕೆನ್ ಎನ್ನುವ ವೃದ್ಧರು. ಪ್ಲಂಬರ್ ಆಗಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮೆಲ್ಬರ್ನಿನಲ್ಲಿ ನರ್ಸ್.

ನೆರೆಯವರ ಪರಿಚಯ ಮಾಡಿಕೊಳ್ಳೋಣವೆಂದು ಒಂದು ಶನಿವಾರ ಬಟ್ಟಲಲ್ಲಿ ಶ್ಯಾವಿಗೆ ಪಾಯಸ ಹಿಡಿದು ಹೋದೆ. ಅವರ ಗ್ಯಾರೇಜ್ ತೆರೆದಿತ್ತು. ಒಳಗೆ ಕೆನ್ ಮುಖಕ್ಕೆ ಪಾರದರ್ಶಕ ಕವಚ, ಕೈಗೆ ಚರ್ಮದ ಗವಸು ಹಾಕಿಕೊಂಡು ವಿದ್ಯುತ್ ಒಲೆಯ ಮೇಲಿನ ಪಾತ್ರೆಯಿಂದ ಬೆಳ್ಳಿಯಂತೆ ಹೊಳೆಯುವ ದ್ರವವನ್ನು ಸೌಟಿನಲ್ಲಿ ತೆಗೆದು ಇಕ್ಕಳದಂಥ ಅಚ್ಚಿಗೆ ಹೊಯ್ಯುತ್ತಿದ್ದರು. ನನ್ನನ್ನು ಕಂಡದ್ದೇ ತಡ, "ಸ್ಟಾಪ್!" ಎಂದು ಕೂಗಿದರು. ಪಾಯಸ ಹಿಡಿದ ನೆರೆಯವಳನ್ನು ಹೀಗೆ ತಡೆದು ನಿಲ್ಲಿಸಿದವರನ್ನು ನಾನು ಹಿಂದೆ ಕಂಡಿರಲಿಲ್ಲ. ನೆಲಕ್ಕೆ ಬೆರಳು ತೋರಿಸಿದರು. ಅಲ್ಲಿ ದಪ್ಪನೆಯ ಹಳದಿ ಗೆರೆ. ಅದರಾಚೆಗೆ ತಿನ್ನುವುದು, ಕುಡಿಯುವುದು, ನೀರು, ಮಕ್ಕಳು ಯಾವುದೂ ದಾಟುವಂತಿಲ್ಲವಂತೆ. ಕರಗಿದ ಸೀಸದೊಳಗೆ ಒಂದು ಹನಿ ನೀರು ಸೇರಿದರೆ ಸಿಡಿಯುತ್ತದೆ. ಸೀಸ ಹೊಟ್ಟೆಗೆ ಹೋದರೆ ಒಳಗೇ ಕೂತುಕೊಳ್ಳುತ್ತದೆ. ಇದನ್ನೆಲ್ಲಾ ಹೇಳಿ, ಒಲೆ ಆರಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಅಂಗಿ ಬದಲಿಸಿ ಬಂದು, ಹೊರಗೆ ಹುಲ್ಲಿನ ಮೇಲೆ ಕೂತು ಪಾಯಸ ಕುಡಿದರು.

ಅವರು ಹೊಯ್ಯುತ್ತಿದ್ದದ್ದು ಬಂದೂಕಿನ ಗುಂಡು. ನೂರು ವರ್ಷ ಹಿಂದಿನ ಮಾದರಿಯ ಒಂಟಿಗುಂಡಿನ ರೈಫಲ್ಲಿಗೆ ತಕ್ಕ ಗುಂಡು ಅಂಗಡಿಯಲ್ಲಿ ಒಳ್ಳೆಯದು ಸಿಗುವುದಿಲ್ಲ, ಮನೆಯಲ್ಲೇ ಎರಕ ಹೊಯ್ಯಬೇಕು ಎಂದರು. ನಾನು ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯಲ್ಲಿದ್ದೆ, ಐದು ಗುಂಡಿಗೆ ಐದನ್ನೂ ಬೋರ್ಡಿಗೆ ಹೊಡೆದಿದ್ದೆ ಎಂದು ಬಡಾಯಿ ಕೊಚ್ಚಿದೆ. ಬೋರ್ಡಿನ ಯಾವ ಭಾಗಕ್ಕೆ ಎಂದು ಅವರು ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಹಾಗೆ ಶುರುವಾಯಿತು. ಸುರಕ್ಷತೆಯ ತರಗತಿ, ಲೈಸೆನ್ಸು, ಶೂಟಿಂಗ್ ಕ್ಲಬ್ಬಿನ ಸದಸ್ಯತ್ವ ಎಂದು ವರ್ಷದ ಮೇಲಾಯಿತು. ಮೊದಲ ಸಲ ಕೆನ್ ಅವರ ರೈಫಲ್ಲನ್ನು ಹೆಗಲಿಗೆ ಕೊಟ್ಟು ಟ್ರಿಗರ್ ಒತ್ತಿದಾಗ, ಗುರಿಗೆ ಬಿದ್ದದ್ದು ಏನೋ ಗೊತ್ತಿಲ್ಲ, ನನ್ನ ಹೆಗಲಿಗಂತೂ ಬಿದ್ದಿತು. ಒನಕೆಯಲ್ಲಿ ಕುಟ್ಟಿದ ಹಾಗೆ. ಮರುವಾರ ಯುಗಾದಿ ಕಾರ್ಯಕ್ರಮ. ನಾನು ಅಗಲ ಕತ್ತಿನ ರವಿಕೆ ತೊಟ್ಟು ಹೋದೆ. ಹೆಗಲ ಮೇಲೆ ನೇರಳೆಹಣ್ಣಿನ ಬಣ್ಣದ ಬಾವು ಇರುವುದು ಮರೆತೇ ಹೋಗಿತ್ತು. ಬೇವು ಬೆಲ್ಲ ಹಂಚುತ್ತಿದ್ದ ಆಂಟಿಯೊಬ್ಬರು ನನ್ನ ಹೆಗಲು ನೋಡಿದರು. ಆಮೇಲೆ ಅತ್ತ ತಬಲಾ ಮೈಕು ಸರಿಮಾಡುತ್ತಿದ್ದ ದಿನೇಶ್‌ರನ್ನು ನೋಡಿದರು. ಊಟದ ಹೊತ್ತಿಗೆ ನಾಲ್ವರು ಆಂಟಿಯರು ಅವರನ್ನು ನೋಡಿದ್ದರು. ಹೊರಡುವಾಗ ಒಬ್ಬರು ನನ್ನ ಕೈಯೊಳಗೆ ಒಂದು ಚೀಟಿ ತುರುಕಿ, "ಯಾವಾಗ ಬೇಕಾದ್ರೂ ಫೋನ್ ಮಾಡಮ್ಮಾ. ಅಡ್ಜಸ್ಟ್ ಮಾಡ್ಕೊಂಡು ಇರ್ಬೇಕು ಅಂತೇನೂ ಇಲ್ಲ ಈ ದೇಶದಲ್ಲಿ" ಎಂದರು. ಬಂದೂಕಿನ ಪೆಟ್ಟು ಎಂದು ನಾನು ಹೇಳಿದ ಮೇಲೆ ಅವರಿಗೆ ಇನ್ನಷ್ಟು ಗಾಬರಿಯಾಯಿತು. ಪಾಪ ದಿನೇಶ್, ಆ ವರ್ಷವಿಡೀ ಯಾವ ಆಂಟಿಯೂ ಅವರಿಗೆ ಎರಡನೇ ಸಲ ಹೋಳಿಗೆ ಬಡಿಸಲಿಲ್ಲ.

ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಗುಂಡು ಹೊಡೆಯುವುದಕ್ಕಿಂತ ಹೊಯ್ಯುವುದು. ಅಚ್ಚು ತೆರೆದಾಗ ಹೊಳೆಯುವ ಗುಂಡು ಮೆತ್ತಗಿನ ಬಟ್ಟೆಯ ಮೇಲೆ ಉರುಳಿ ಬೀಳುತ್ತದಲ್ಲ, ಆ ಗಳಿಗೆ. ಚೆನ್ನಾಗಿ ಬರದಿದ್ದರೆ ಬೇಸರವಿಲ್ಲ, ತಿರುಗಿ ಪಾತ್ರೆಗೆ ಹಾಕಿದರಾಯಿತು. ಅಡುಗೆಮನೆಯಲ್ಲಿ ಈ ಸೌಲಭ್ಯ ಎಲ್ಲಿದೆ ಹೇಳಿ? ಹೊತ್ತಿದ ಪಲ್ಯವನ್ನು ಮತ್ತೆ ಬೀನ್ಸ್ ಮಾಡಲಾಗುತ್ತದೆಯೇ? ಕೆನ್ ಹೊಯ್ದದ್ದನ್ನು ನಾನು, ನಾನು ಹೊಯ್ದದ್ದನ್ನು ಕೆನ್ ನೋಡಿ ಆರಿಸುತ್ತಿದ್ದೆವು. ಹಳೆಯ ಛಾವಣಿಗಳಿಂದ ಅವರು ಕಿತ್ತು ತಂದ ಸೀಸದ ಹಾಳೆಗಳನ್ನು ಮೊದಲು ಕರಗಿಸಿ, ಕೇಕಿನ ತಟ್ಟೆಯಲ್ಲಿ ಗಟ್ಟಿಗಳಾಗಿ ಹೊಯ್ದು ಇಟ್ಟುಕೊಳ್ಳುವುದು ಪದ್ಧತಿ. ಆ ತಟ್ಟೆ ತುಕ್ಕು ಹಿಡಿದು ತೂತಾದಾಗ ನಾನು ನಮ್ಮ ಇಡ್ಲಿ ಸ್ಟ್ಯಾಂಡಿನಿಂದ, ಕುಳಿಗಳಲ್ಲಿ ತೂತಿಲ್ಲದ ಒಂದು ಅಲ್ಯೂಮಿನಿಯಂ ತಟ್ಟೆ ತಂದುಕೊಟ್ಟೆ. ನಾಲ್ಕು ಕುಳಿ, ನಾಲ್ಕು ಇಡ್ಲಿ. ಕೆನ್‌ಗೆ ಬಹಳ ಮೆಚ್ಚಿಗೆಯಾಯಿತು.

ಆಮೇಲೆ ಕೆನ್‌ರ ಕೈ ನಡುಗಲು ಶುರುವಾಯಿತು. ಕಿವಿ ಮೊದಲೇ ಮಂದ. ಮಗಳು ಬಂದು ಅವರನ್ನು ಮೆಲ್ಬರ್ನಿನ ಕ್ಲೇಟನ್‌ಗೆ ಕರೆದುಕೊಂಡು ಹೋದಳು. ಹೊರಡುವ ಮುಂಚೆ ಪಾತ್ರೆ, ಅಚ್ಚು, ಇಡ್ಲಿ ತಟ್ಟೆ ಎಲ್ಲವನ್ನೂ ನನ್ನ ಗ್ಯಾರೇಜಿಗೆ ಸಾಗಿಸಿ, "ಸೂ, ಮೊದಲು ಹಳದಿ ಗೆರೆ ಎಳಿ" ಎಂದರು. ಎಳೆಯುತ್ತೇನೆ ಎಂದೆ. ಪೇಂಟಿನ ಡಬ್ಬಿಯನ್ನೂ ತಂದೆ. ಡಬ್ಬಿ ತೆರೆಯಲಿಲ್ಲ.

ಅಷ್ಟರಲ್ಲಿ ಉಡುಪಿಯ ಕಡೆಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದರು.

ಅತ್ತೆಯ ವಿಷಯ ಹೇಳಬೇಕು. ಉದ್ಯಾವರದ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು. ನೆಟ್ಟಗೆ ನಡೆಯುವ, ನೆಟ್ಟಗೆ ಮಾತಾಡುವ ಹೆಂಗಸು. ನಮ್ಮದು ಪ್ರೇಮವಿವಾಹ. ಮೀನಿನ ವಾಸನೆಗೆ ಮೂಗು ಮುಚ್ಚುವ ಮೈಸೂರಿನ ಸೊಸೆಯನ್ನು ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಿದ್ದರು. ಈಗ ಆ ಸೊಸೆ ಬಂದೂಕನ್ನೂ ಇಟ್ಟುಕೊಂಡಿದ್ದಾಳೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಗ್ಯಾರೇಜಿನಲ್ಲಿದ್ದ ಬೀಗ ಹಾಕಿದ ಉಕ್ಕಿನ ಕಪಾಟು "ಆಫೀಸಿನ ಕಾಗದದ್ದು" ಎಂದೆ. ಶನಿವಾರ ಕ್ಲಬ್ಬಿಗೆ ಹೋಗುವಾಗ "ಲ್ಯಾಬಿನಲ್ಲಿ ಓವರ್‌ಟೈಮ್" ಎಂದೆ. ದಿನೇಶ್‌ಗೂ ಹಾಗೇ ಹೇಳಲು ಹೇಳಿಕೊಟ್ಟೆ. ತಲೆಕೂದಲಲ್ಲಿ ಹೊಗೆಯ ವಾಸನೆ ಹೊತ್ತುಕೊಂಡು ಬರುತ್ತಿದ್ದ ನನ್ನನ್ನು ನೋಡಿ ಅತ್ತೆ, "ಇದೆಂಥ ಲ್ಯಾಬು ಮಾರಾಯ್ತಿ, ಒಲೆ ಊದಿದ ಹಾಗೆ ಬರ್ತಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಅವರು ಬಂದ ಐದನೇ ವಾರ. ಶನಿವಾರ ಮಧ್ಯಾಹ್ನ ಕ್ಲಬ್ಬಿನಿಂದ ಬಂದಾಗ ಮನೆ ತುಂಬಾ ಸಾಂಬಾರಿನ ಘಮ. ದಿನೇಶ್ ಮತ್ತು ಅದಿತಿ ಮೇಜಿನ ಮುಂದೆ. ಅತ್ತೆ ಒಲೆಯ ಹತ್ತಿರ.

"ಬಾ ಬಾ, ಬಿಸಿ ಉಂಟು" ಎಂದರು. "ನಿನ್ನ ಇಡ್ಲಿ ಸ್ಟ್ಯಾಂಡಿಗೆ ಒಂದು ತಟ್ಟೆ ಕಮ್ಮಿ, ಒಂದು ತಿಂಗಳಿಂದ ಹುಡುಕುದು ನಾನು. ಎಲ್ಲಿ ಸಿಕ್ಕಿತು ಗೊತ್ತುಂಟಾ? ಗ್ಯಾರೇಜಿನಲ್ಲಿ! ಕರಿ ಹಿಡಿದಿತ್ತು. ಹುಣಸೆಹುಳಿ ಹಾಕಿ ಹೇಗೆ ತಿಕ್ಕಿದ್ದೇನೆ ನೋಡು, ಫಳ ಫಳ."

ನಾನು ನೋಡಿದೆ. ತಟ್ಟೆ ಫಳಫಳ ಎನ್ನುತ್ತಿತ್ತು. ಅದಿತಿ ಎರಡನೇ ಇಡ್ಲಿಯ ಅರ್ಧದಲ್ಲಿದ್ದಳು.

"ತಿನ್ಬೇಡಾ!" ಎಂದು ಕಿರುಚಿದ್ದು ನನ್ನದೇ ದನಿ ಎಂದು ನನಗೆ ಗೊತ್ತಾಗಲಿಲ್ಲ. ಅದಿತಿಯ ಕೈಯಿಂದ ಇಡ್ಲಿ ಕಿತ್ತುಕೊಂಡೆ. ಬಾಯಿಗೆ ಬೆರಳು ಹಾಕಿ ಅಲ್ಲಿದ್ದದ್ದನ್ನೂ ತೆಗೆದೆ. ಅವಳು "ಮಮ್ಮಾ, ವಾಟ್ ಡಿಡ್ ಐ ಡೂ?" ಎಂದು ಅಳತೊಡಗಿದಳು. ದಿನೇಶ್ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಅವರ ಮುಖದ ಬಣ್ಣ ಇಳಿಯಿತು. ಆರು ತಿಂದಿದ್ದರು.

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಸೌಟು ಹಿಡಿದು ನಿಂತಿದ್ದರು. "ಉಪ್ಪು ಜಾಸ್ತಿ ಆಯ್ತಾ?" ಎಂದರು.

ಎಲ್ಲವನ್ನೂ ಹೇಳಬೇಕಾಯಿತು. ಸೀಸ, ಪಾತ್ರೆ, ಗುಂಡು, ರೈಫಲ್, ಕಪಾಟು, ಓವರ್‌ಟೈಮ್. ಅಡುಗೆಮನೆಯಲ್ಲಿ ನಿಂತು, ಅಳುವ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ಸೌಟನ್ನು ಮೆಲ್ಲಗೆ ಕೆಳಗಿಟ್ಟರು. "ನಾನು ಮಗುವಿಗೆ ವಿಷ ಹಾಕಿದ್ದಾ?" ಎಂದು ಕೇಳಿದರು. "ನೀವಲ್ಲ ಅತ್ತೆ, ನಾನು" ಎಂದರೆ ಅವರಿಗೆ ಕೇಳಿಸಲೇ ಇಲ್ಲ.

ಡಾಕ್ಟರು ಸಮಾಧಾನ ಹೇಳಿದರು. ಒಂದು ಹೊತ್ತಿನ ಇಡ್ಲಿಯಿಂದ ದೊಡ್ಡದೇನೂ ಆಗಿರಲಾರದು, ಆದರೂ ನಾಲ್ವರ ರಕ್ತವನ್ನೂ ನೋಡಿಬಿಡೋಣ ಎಂದು ಬರೆದುಕೊಟ್ಟರು. ರಕ್ತ ಕೊಡಲು ಹೋದದ್ದು ನಾನು ಕೆಲಸ ಮಾಡುವ ಲ್ಯಾಬಿಗೇ. ಪರೀಕ್ಷೆಯ ಚೀಟಿಯಲ್ಲಿ 'ಸೀಸ' ಎಂದಿದ್ದುದನ್ನು ನನ್ನ ಸಹೋದ್ಯೋಗಿ ಎರಡು ಸಲ ಓದಿ, ಅದಿತಿಯ ತೋಳಿಗೆ ಪಟ್ಟಿ ಕಟ್ಟಿದಳು. ವರ್ಷಗಟ್ಟಲೆ ಬೇರೆಯವರ ರಕ್ತದ ನಳಿಕೆಗಳನ್ನು ನಿರ್ಭಾವದಿಂದ ಸಾಲಾಗಿ ಇಟ್ಟವಳು ನಾನು. ಮಗಳ ಹೆಸರು ಬರೆದ ಪುಟ್ಟ ನಳಿಕೆಯನ್ನು ಆ ಸಾಲಿನಲ್ಲಿ ನೋಡಲಾಗದೆ ಹೊರಗೆ ಹೋಗಿ ಕಾರ್ ಪಾರ್ಕಿನಲ್ಲಿ ನಿಂತೆ.

ಫಲಿತಾಂಶಕ್ಕೆ ನಾಲ್ಕು ದಿನ. ಆ ನಾಲ್ಕು ದಿನ ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ದಿನೇಶ್ ಕೂಗಾಡಲಿಲ್ಲ, ಕೂಗಾಡುವ ಜಾಯಮಾನವೇ ಅಲ್ಲ. ಎರಡನೇ ದಿನ ಸಂಜೆ ಬಟ್ಟೆ ಮಡಿಸುತ್ತಾ ಹೇಳಿದರು: "ಬಂದೂಕಿನ ಬಗ್ಗೆ ನಂಗೆ ಯಾವತ್ತೂ ತಕರಾರಿರ್ಲಿಲ್ಲ ಸುಮಾ. ನೀನು ಅಮ್ಮನ ಹತ್ರ ಸುಳ್ಳು ಹೇಳಿದೆ. ನನ್ನ ಹತ್ರಾನೂ ಹೇಳಿಸ್ದೆ. ಹೇಳಿದ್ರೆ ಅಮ್ಮ ಆ ತಟ್ಟೆ ಮುಟ್ತಾ ಇದ್ರಾ?" ಅವರು ಮಡಿಸಿಟ್ಟಿದ್ದ ಟವೆಲನ್ನೇ ನಾನು ಬಿಚ್ಚಿ ಮತ್ತೆ ಮಡಿಸಿದೆ. "ನಾನೂ ಹೇಳ್ದೆ ಅಲ್ವಾ, ನಂದೂ ತಪ್ಪೇ" ಎಂದು ಅವರೇ ಸೇರಿಸಿದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಐದನೇ ದಿನ ಡಾಕ್ಟರು ಫೋನ್ ಮಾಡಿದರು. ಅದಿತಿಗೆ ಏನೂ ಇಲ್ಲ. ದಿನೇಶ್‌ಗೆ ಇಲ್ಲ. ಅತ್ತೆಗೆ ಇಲ್ಲ. ಸೀಸದ ಅಂಶ ಸ್ವಲ್ಪ ಏರಿದ್ದದ್ದು ಒಬ್ಬಳಿಗೆ ಮಾತ್ರ, ಇಡ್ಲಿ ತಿನ್ನದ ನನಗೆ. ಕಿಟಕಿ ತೆರೆಯದೆ, ಅವಸರದಲ್ಲಿ, ಗುಟ್ಟಾಗಿ, ಮುಚ್ಚಿದ ಗ್ಯಾರೇಜಿನಲ್ಲಿ ಎರಕ ಹೊಯ್ದದ್ದರ ಫಲ. ಗಾಬರಿ ಬೇಡ, ಎರಡು ತಿಂಗಳು ಸೀಸದ ತಂಟೆಗೆ ಹೋಗಬೇಡಿ, ಮತ್ತೆ ನೋಡೋಣ ಎಂದರು.

ನಾನು ಎಲ್ಲವನ್ನೂ ಡಬ್ಬಿಗಳಿಗೆ ತುಂಬಿಸತೊಡಗಿದೆ. ಬೇಡ, ಸಾಕು, ಕ್ಲಬ್ಬಿನಲ್ಲಿ ಯಾರಿಗಾದರೂ ಕೊಟ್ಟುಬಿಡುವುದು ಎಂದು. ಅತ್ತೆ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತರು. ಆ ವಾರದಲ್ಲಿ ಮೊದಲ ಸಲ ತಾವಾಗಿ ಮಾತಾಡಿದರು.

"ಅದೆಂಥ ಗುಂಡು? ತೋರಿಸು ನೋಡುವ."

ನನ್ನ ಗುಂಡುಗಳ ಡಬ್ಬಿ ತೆರೆದು ಹಿಡಿದೆ. ಕೆನ್ ಹೋದ ಮೇಲೆ ನಾನೊಬ್ಬಳೇ ಹೊಯ್ದವು. ಮುದುಕನ ಕೆನ್ನೆಯ ಹಾಗೆ ಮೈಯೆಲ್ಲಾ ಸುಕ್ಕು. ಏನು ಮಾಡಿದರೂ ನಯವಾಗಿ ಬರುತ್ತಿರಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು, ಮುಟ್ಟಲಿಲ್ಲ.

"ಇದು ಅಚ್ಚು ತಣ್ಣಗಾದದ್ದು" ಎಂದರು.

"ನಿಮಗೆ ಹೇಗೆ ಗೊತ್ತು ಅತ್ತೆ?" ಎಂದೆ.

"ನಮ್ಮ ಅಣ್ಣ ಹೊಳೆಗೆ ಬೀಸುಬಲೆ ಹಾಕ್ತಿದ್ದ. ಬಲೆಯ ಅಂಚಿಗೆ ಸೀಸದ ಮಣಿ ಬೇಕಲ್ಲ, ಮುಳುಗಲಿಕ್ಕೆ? ಮಣಿ ಹೊಯ್ಯುದು ನಾನು. ಬಳಪದ ಕಲ್ಲಿನ ಅಚ್ಚು. ಹನ್ನೆರಡನೇ ವರ್ಷದಿಂದ ಮದುವೆ ಆಗುವವರೆಗೆ ಹೊಯ್ದಿದ್ದೇನೆ. ನೀನು ಹೊಯ್ಯುವಾಗ ಎಂಥ ಮಾಡ್ತಿ, ಹೇಳು."

ಹೇಳಿದೆ. ಪಾತ್ರೆ ಕಾಯಿಸುತ್ತೇನೆ, ಅಚ್ಚು ಕಾಯಿಸುತ್ತೇನೆ, ಹೊಯ್ಯುತ್ತೇನೆ, ಗುಂಡು ಬಿದ್ದ ಮೇಲೆ ದೀಪಕ್ಕೆ ಹಿಡಿದು ನೋಡುತ್ತೇನೆ, ಚೆನ್ನಾಗಿದ್ದರೆ ಒಂದು ಕಡೆ, ಇಲ್ಲದಿದ್ದರೆ...

"ಅದೇ!" ಎಂದರು ಅತ್ತೆ. "ಒಂದೊಂದು ದೋಸೆ ಹೊಯ್ದು ಅದರ ಚಂದ ನೋಡ್ತಾ ಕೂತರೆ ಕಾವಲಿ ತಣಿಯುದಿಲ್ವಾ? ಚಂದ ನೋಡುದು ಆಮೇಲೆ. ಮೊದಲು ಹೊಯ್ಯಿ."

ಕೆನ್ ಇದ್ದಾಗ ನೋಡುವ ಕೆಲಸ ಅವರದಾಗಿತ್ತು, ನನ್ನ ಕೈ ನಿಲ್ಲುತ್ತಿರಲಿಲ್ಲ. ಇಷ್ಟು ಸರಳ ವಿಷಯ ಡಿಗ್ರಿ ಪಡೆದ ತಲೆಗೆ ಹೊಳೆದಿರಲಿಲ್ಲ. ನಾನು ಡಬ್ಬಿ ಮುಚ್ಚಿ, "ಬಿಡಿ ಅತ್ತೆ, ಇನ್ನು ಇದೆಲ್ಲಾ ಬೇಡ" ಎಂದೆ.

"ಬೇಡ ಹೇಳುದು ನೀನಾ?" ಎಂದರು. "ನನ್ನ ಕೈಯಿಂದ ಸೀಸ ಬಿಡಿಸಿದ್ದೂ ಹೀಗೇ. ಮದುವೆಯಾದ ಹೆಣ್ಣಿಗೆ ಇದೆಲ್ಲ ಎಂಥಕ್ಕೆ ಅಂತ. ನನ್ನನ್ನು ಯಾರೂ ಕೇಳಲಿಲ್ಲ. ನಿನ್ನನ್ನು ಕೇಳುವವಳು ನಾನಿದ್ದೇನೆ. ಬೇಕಾ, ಬೇಡವಾ? ಬೇಕಾದರೆ ಸರಿಯಾಗಿ ಮಾಡು. ಕದ್ದು ಮಾಡಬೇಡ. ಅಷ್ಟೇ."

ನನಗೆ ಅಳು ಬಂತು. ಅತ್ತೆಗೆ ಅಳುವವರನ್ನು ಕಂಡರಾಗದು. ಒಳಗೆ ಹೋಗಿ ಕುಕ್ಕರ್ ಇಟ್ಟರು.

ಎರಡು ತಿಂಗಳಲ್ಲಿ ನನ್ನ ರಕ್ತ ಸರಿಹೋಯಿತು. ಆ ಹೊತ್ತಿಗೆ ದಿನೇಶ್ ಗ್ಯಾರೇಜಿಗೆ ಹೊರಗೆ ಗಾಳಿ ಎಳೆಯುವ ದೊಡ್ಡ ಫ್ಯಾನ್ ಹಾಕಿಸಿದ್ದರು, ಬಾಗಿಲಿಗೆ ಅದಿತಿಗೆ ಎಟುಕದ ಚಿಲಕ. ಇಡ್ಲಿ ತಟ್ಟೆಯನ್ನು ನಾನೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಎಸೆದೆ. ಹಳದಿ ಗೆರೆಯನ್ನೂ ಎಳೆದೆ, ಎರಡು ಗೆರೆ, ಒಂದು ಸಾಲದೆಂದು. ಅತ್ತೆ ಮೊದಮೊದಲು ಗೆರೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತು "ಹೊಯ್ಯಿ... ಬಿಡು... ಹೊಯ್ಯಿ... ನೋಡಬೇಡ!" ಎಂದು ತಾಳ ಹಾಕುತ್ತಿದ್ದರು. ಮೂರನೇ ವಾರ ಎದ್ದು ನಿಂತು, "ಕೊಡು ಇಲ್ಲಿ" ಎಂದರು. ಕಾಟನ್ ಸೀರೆಯ ಮೇಲೆ ಚರ್ಮದ ಏಪ್ರನ್, ಕೈಗೆ ಮೊಣಕೈವರೆಗಿನ ಗವಸು, ಕಾಲಿಗೆ ದಿನೇಶ್‌ರ ಬೂಟು, ಮೂಗಿಗೆ ಮಾಸ್ಕು, ಮೇಲೆ ಕವಚ. ಕುಂಕುಮ ಮಾತ್ರ ಒಳಗಿನಿಂದ ಕಾಣುತ್ತಿತ್ತು. ನೂರು ಗುಂಡು ಹೊಯ್ದರೆ ನಾಲ್ಕೋ ಐದೋ ಮಾತ್ರ ತಿರುಗಿ ಪಾತ್ರೆಗೆ ಹೋದವು. ಕೆನ್‌ಗೂ ಅಷ್ಟು ನಯ ಬರುತ್ತಿರಲಿಲ್ಲ.

ಇದನ್ನು ಫೋನಿನಲ್ಲಿ ಕೆನ್‌ಗೆ ಕಿರುಚಿ ಹೇಳಿದೆ. ಅವರ ಕಿವಿಗೆ ಕಿರುಚದೆ ಕೇಳದು. "ಆ ಹೆಂಗಸನ್ನು ನಾನು ನೋಡಬೇಕು" ಎಂದರು. ಮೆಲ್ಬರ್ನಿನ ಆಚೆ ಹಳೆಯ ರೈಫಲ್ಲುಗಳ ಪಂದ್ಯವೊಂದು ಇತ್ತು. ಮಾರ್ಚಿನಲ್ಲಿ ನಾಲ್ವರೂ ಕಾರಿನಲ್ಲಿ ಹೊರಟೆವು. ಒಂದು ದಿನವೂ ಕ್ಲಬ್ಬಿನ ಗೇಟು ದಾಟದ ದಿನೇಶ್ ಹನ್ನೊಂದು ಗಂಟೆ ಗಾಡಿ ಓಡಿಸಿದರು. "ಅಮ್ಮ ಹೇಳಿದ್ರು, ಬಂದೆ" ಎಂದರು. ಬರುವ ಮನಸ್ಸಿಲ್ಲದವರು ಹಿಂದಿನ ದಿನವೇ ಟೈರಿಗೆ ಗಾಳಿ ಹೊಡೆಸಿರುವುದಿಲ್ಲ ಎಂದು ನಾನು ಹೇಳಲಿಲ್ಲ.

ಕ್ಲೇಟನ್‌ನಲ್ಲಿ ಕೆನ್‌ರ ಮಗಳ ಮನೆ. ಕೆನ್ ಬಹಳ ಸೊರಗಿದ್ದರು. ಅತ್ತೆಗೆ ಇಂಗ್ಲಿಷ್ ಬಾರದು, ಕೆನ್‌ಗೆ ಕಿವಿ ಕೇಳದು. ಹಾಗಾಗಿ ಇಬ್ಬರಿಗೂ ಮಾತಿಗೆ ಅಡ್ಡಿಯೇ ಇರಲಿಲ್ಲ. ಅತ್ತೆ ತಾವು ಹೊಯ್ದ ಗುಂಡಿನ ಡಬ್ಬಿಯನ್ನು ಮುಂದಿಟ್ಟರು. ಕೆನ್ ಒಂದನ್ನು ನಡುಗುವ ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು ನಿಂತು ಅತ್ತೆಗೆ ಕೈ ಕುಲುಕಿದರು. "ಕೈ ತೊಳೀಲಿಕ್ಕೆ ಹೇಳು ಅವರಿಗೆ" ಎಂದರು ಅತ್ತೆ ನನಗೆ.

ಪಂದ್ಯದಲ್ಲಿ ಗುರಿ ಎಂದರೆ ದೂರದ ದಿಬ್ಬದ ಬುಡದಲ್ಲಿ ನಿಲ್ಲಿಸಿದ ಕಬ್ಬಿಣದ ತಗಡು. ನಮ್ಮ ಗುಂಡು ಸಾವಧಾನದ್ದು. 'ಢಂ' ಎಂದ ಮೇಲೆ ಅದು ಹೋಗಿ ತಾಗಿ, ಶಬ್ದ ತಿರುಗಿ ಬರಲು ಎರಡು ಮೂರು ಸೆಕೆಂಡ್ ಬೇಕು. ಅಷ್ಟು ಹೊತ್ತು ಎಲ್ಲರೂ ಉಸಿರು ಬಿಗಿಹಿಡಿದಿರುತ್ತಾರೆ. ತಾಗಿದರೆ 'ಠಿಣ್' ಎಂಬ ದೇವಸ್ಥಾನದ ಗಂಟೆಯಂಥ ಸದ್ದು, ತಪ್ಪಿದರೆ ಬರೀ ಗಾಳಿ. ನನ್ನ ಮೊದಲ ಮೂರು ಗುಂಡು ಗಾಳಿಗೇ ಹೋದವು. ಹಿಂದೆ ಕೂತಿದ್ದ ಅತ್ತೆ, ಎಲ್ಲರಿಗೂ ಕೇಳುವಂತೆ, "ಗುಂಡಿನದ್ದು ತಪ್ಪಲ್ಲ" ಎಂದರು. ನಾಲ್ಕನೆಯದು ಠಿಣ್ ಎಂದಿತು. ಆಮೇಲೆ ಕೈ ಕೂತಿತು. ಹತ್ತರಲ್ಲಿ ಆರು ತಾಗಿದವು. ಹದಿನಾಲ್ಕು ಜನರಲ್ಲಿ ನನಗೆ ಒಂಬತ್ತನೇ ಸ್ಥಾನ. ದಿನೇಶ್ ಅದನ್ನು ಬೋರ್ಡಿನ ಮುಂದೆ ನಿಂತು ಫೋಟೋ ಹೊಡೆದುಕೊಂಡರು, ಮೊದಲ ಎಂಟು ಹೆಸರನ್ನು ಬಿಟ್ಟು.

ಸಂಜೆ ಕ್ಲೇಟನ್‌ಗೆ ಮರಳಿದ ಕೂಡಲೇ ಅತ್ತೆ ಕಾಲಿಂಗ್ ಕಾರ್ಡ್ ಕೆರೆದು ಉದ್ಯಾವರದಲ್ಲಿದ್ದ ತಂಗಿಗೆ ಫೋನ್ ಹಚ್ಚಿಸಿಕೊಂಡರು. ಅವರಿಬ್ಬರ ಮಾತು ತುಳುವಿನಲ್ಲಿ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ತುಳು ನನಗೂ ಬರುತ್ತದೆ. ತಂಗಿಯೂ ದೊಡ್ಡ ದನಿಯವರೇ, ಫೋನಿನ ಹೊರಗೂ ಕೇಳುತ್ತಿತ್ತು.

"ಗುಂಡು ಹೊಯ್ದದ್ದು ನಾನು, ಹೊಡೆದದ್ದು ನಮ್ಮ ಸುಮಾ" ಎಂದರು ಅತ್ತೆ. "ಆರು ತಾಗಿತು!"

"ಹಂದಿಗಾ?"

"ಹಂದಿ ಅಲ್ಲ. ಕಬ್ಬಿಣದ ತಗಡಿಗೆ."

"ತಗಡನ್ನು ತಿನ್ನಲಿಕ್ಕಾಗ್ತದಾ ಅಕ್ಕಾ?"

"ತಿನ್ನಲಿಕ್ಕಲ್ಲ ಮಾರಾಯ್ತಿ" ಎಂದರು ಅತ್ತೆ, ನನ್ನತ್ತ ನೋಡುತ್ತಾ. "ಸದ್ದು ಕೇಳಲಿಕ್ಕೆ."